ಊಟದ ಲೀಡರು

ಧನ್ಯಾ ಸತ್ತು ಹನ್ನೊಂದನೇ ದಿನಕ್ಕೆ ರತ್ನಮ್ಮನಿಗೆ ಹೊಸ ಸೀರೆ ಬಂತು.

ಬಿಸ್ಕತ್ ಬಣ್ಣದ ಸೀರೆ, ಹಸಿರು ಅಂಚು. ಕೇಂದ್ರದ ಆಫೀಸಿನ ಸಾಯಿ ಅದನ್ನು ಪ್ಲಾಸ್ಟಿಕ್ ಕವರಿನ ಸಮೇತ ತಂದು ಅಡುಗೆಕೋಣೆಯ ಕಟ್ಟೆಯ ಮೇಲಿಟ್ಟ. ಸೀರೆಯ ಮೇಲೊಂದು ಕಾಗದ. ಅದರಲ್ಲಿ ತೆಲುಗಿನಲ್ಲಿ ನಾಲ್ಕು ಸಾಲು ಟೈಪಾಗಿತ್ತು. ನಾಳೆ ಬೆಳಿಗ್ಗೆ ಎಲ್ಲರೂ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ರೈಲು ಹತ್ತಬೇಕು. ಅಲ್ಲಿ ದೊಡ್ಡ ಸಭೆ. ಅಂಗವಿಕಲ ಎಳೆಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳಲ್ಲೆಲ್ಲ ಇವರದೇ ಒಳ್ಳೆಯ ತಂಡ ಅಂತ ಪ್ರಶಸ್ತಿ ಬಂದಿದೆ. ವೇದಿಕೆಯ ಮೇಲೆ ನಿಂತು ಆ ನಾಲ್ಕು ಸಾಲನ್ನು ರತ್ನಮ್ಮ ಹೇಳಬೇಕು.

ರತ್ನಮ್ಮ ಬೆರಳಿಟ್ಟು ಓದಿದಳು. ನಮ್ಮ ಕೇಂದ್ರದಲ್ಲಿ ಮೇಲು ಕೀಳು ಇಲ್ಲ. ಇಲ್ಲಿ ಎಲ್ಲರೂ ಲೀಡರುಗಳೇ. ನಾನು ಆಯಾ ಆದರೂ ಊಟದ ಲೀಡರು. ಮಕ್ಕಳ ವಿಷಯದಲ್ಲಿ ನನ್ನ ಮಾತಿಗೂ ಡಾಕ್ಟರ ಮಾತಿಗೂ ಒಂದೇ ಬೆಲೆ.

"ಇನ್ನೊಂದಿದೆ ರತ್ನಮ್ಮಾ. ಇದಕ್ಕೆ ಸೈನ್ ಮಾಡಿಬಿಡು," ಅಂತ ಸಾಯಿ ತೆಲುಗಿನಲ್ಲಿ ಹೇಳಿ ಎರಡನೇ ಕಾಗದ ಚಾಚಿದ. ಅವಳ ಮುಖ ನೋಡಲಿಲ್ಲ.

ಎರಡನೆಯದು ಧನ್ಯಾಳ ಸಾವಿನ ವರದಿ. ಊಟದ ಲೀಡರಾದ ರತ್ನಮ್ಮ ತಂಡದ ನಿರ್ಣಯವನ್ನು ಮೀರಿ ಅವಸರ ಮಾಡಿ ಕುಡಿಸಿದ್ದರಿಂದ ಮಗುವಿನ ಎದೆಗೆ ಹಾಲು ಹೋಗಿರಬಹುದು. ಕೇಂದ್ರ ತುಂಬಾ ವಿಷಾದಿಸುತ್ತದೆ. ಕೆಳಗೆ ಅವಳ ಹೆಸರು, ಹೆಸರಿನ ಮುಂದೆ ಗೆರೆ.

"ಊರಿಂದ ಬಂದ್ಮೇಲೆ ಮಾಡ್ತೀನಿ ಸಾಯಿ," ಅಂದಳು.

"ಮೇಡಂ ಇವತ್ತೇ ಬೇಕಂದ್ರು."

"ಬಂದ್ಮೇಲೆ."

ಒಂದೇ ಹೆಣ್ಣಿಗೆ ಒಂದೇ ದಿನ ಕೊಟ್ಟ ಎರಡು ಕಾಗದ. ಒಂದರಲ್ಲಿ ನೀನು ನಮಗೆ ಸಮ, ಇನ್ನೊಂದರಲ್ಲಿ ಕೊಂದವಳು ನೀನು. ಎರಡಕ್ಕೂ ಅವಳು ಹೂಂ ಅಂದರೆ ಕೆಲಸ ಉಳಿಯುತ್ತದೆ, ಕೇಂದ್ರದ ಹಿಂದಿನ ತಗಡಿನ ಕೋಣೆ ಉಳಿಯುತ್ತದೆ, ಕೇಂದ್ರ ನಡೆಸುವ ಮೃಣಾಲಿನಿ ಮೇಡಂ ಶಿಫಾರಸಿನಿಂದ ಮಗಳು ನಿಕಿತಾಗೆ ಸಿಕ್ಕ ಹಾಸ್ಟೆಲು ಉಳಿಯುತ್ತದೆ. ಉಹೂಂ ಅಂದರೆ ಯಾವುದೂ ಇಲ್ಲ. ಥೂ ಇವರ ಬಾಯಿಗೆ ಮಣ್ಣು ಹಾಕ, ಎಷ್ಟು ನಯವಾಗಿ ಮಾಡುತ್ತಾರೆ ನೋಡಿ ಇದನ್ನೆಲ್ಲ.

ರತ್ನಮ್ಮ ಸಿರುಗುಪ್ಪದ ಕಡೆಯವಳು, ಮಾದಿಗರ ಓಣಿಯವಳು. ಗಂಡ ಲಿಂಗರಾಜ ಗುತ್ತಿಗೆ ಮೇಸ್ತ್ರಿಯ ಬೆನ್ನುಹತ್ತಿ ವಿಶಾಖಪಟ್ಟಣಕ್ಕೆ ಕೂಲಿಗೆ ಬಂದವನು. ಆರನೇ ವರ್ಷ ಸಾರುವೆಯಿಂದ ಬಿದ್ದು ಸತ್ತ. ಸಾರುವೆ ಕಟ್ಟಿದವರು ಯಾರು ಅಂತ ಯಾರೂ ಕೇಳಲಿಲ್ಲ. ಕುಡಿದಿದ್ದನೇ ಅಂತ ಮಾತ್ರ ಕೇಳಿದರು. ಆಮೇಲೆ ಅವಳು ಟೌನ್‌ಶಿಪ್ಪಿನ ಮನೆಗಳಲ್ಲಿ ಮುಸುರೆ ತಿಕ್ಕಿದಳು. ಹಾಗೆ ತಿಕ್ಕಿದ ಮನೆಗಳಲ್ಲಿ ಮೃಣಾಲಿನಿಯದೂ ಒಂದು. ಮೈಸೂರಿನ ಹೆಂಗಸು, ದೊಡ್ಡ ಇಂಜಿನಿಯರನ ಹೆಂಡತಿ, ಓದಿದವಳು, ಮೆಲುಮಾತು. ಅವಳು ಈ ಕೇಂದ್ರ ತೆರೆದಾಗ "ಬನ್ನಿ ರತ್ನಮ್ಮ, ನಾವೆಲ್ಲ ಸೇರಿ ಕಟ್ಟೋಣ" ಅಂದಳು. ನೀವು ಅಂತಲೇ ಅಂದಳು. ಬಹುವಚನ ಕೇಳಿ ರತ್ನಮ್ಮನಿಗೆ ಕಣ್ಣು ತುಂಬಿತ್ತು. ಅದನ್ನು ನೆನೆದರೆ ಈಗ ಅವಳಿಗೇ ಸಿಟ್ಟು ಬರುತ್ತದೆ.

ಕಟ್ಟಿದ್ದು ಏನು? ಬೆಳಿಗ್ಗೆ ವ್ಯಾನು ಬಂದರೆ ಹದಿನಾಲ್ಕು ಮಕ್ಕಳನ್ನು ಇಳಿಸುವುದು. ಸೆಟೆದ ಮೈಯ ಮಕ್ಕಳು, ಕುತ್ತಿಗೆ ನಿಲ್ಲದ ಮಕ್ಕಳು, ಮುಟ್ಟಿದರೆ ಚೀರುವ ಮಕ್ಕಳು. ಒಂದೊಂದನ್ನೂ ಎದೆಗೆ ಅವಚಿ ಮೂರು ಮೆಟ್ಟಿಲು ಹತ್ತುವುದು. ಉಚ್ಚೆ ಬಟ್ಟೆ, ಹೇಲು ಬಟ್ಟೆ, ಜೊಲ್ಲು, ವಾಂತಿ. ಎಡಗೈ ತುಂಬಾ ಹಲ್ಲಿನ ಗುರುತು. ಬಲಭುಜ ಕಿತ್ತು ಹೋಗುವಷ್ಟು ನೋವು. ಹನ್ನೊಂದು ವರ್ಷ. ಇದಕ್ಕೆಲ್ಲ ಅವಳು ಬೇಜಾರು ಮಾಡಿಕೊಂಡವಳಲ್ಲ. ಆ ಮಕ್ಕಳೆಂದರೆ ಅವಳಿಗೆ ಜೀವ. ಇದನ್ನು ಇಲ್ಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಅನುಮಾನ ಪಡಬಾರದು.

ಧನ್ಯಾ ಬಂದಾಗ ಒಂದೂವರೆ ವರ್ಷ. ಹುಟ್ಟುವಾಗ ಉಸಿರು ಸಿಕ್ಕದೆ ಮಿದುಳಿಗೆ ಪೆಟ್ಟಾದ ಕೂಸು. ಅಪ್ಪ ವಿನಾಯಕ ಬ್ಯಾಂಕಿನ ಆಫೀಸರು, ತುಮಕೂರಿನವನು, ವರ್ಗವಾಗಿ ಬಂದವನು. ತಾಯಿ ಸಹನಾ. ತೆಲುಗು ಬಾರದು. ಕೇಂದ್ರದಲ್ಲಿ ರತ್ನಮ್ಮ ಕನ್ನಡ ಮಾತಾಡಿದ್ದು ಕೇಳಿ ಸಹನಾಗೆ ಹೋದ ಜೀವ ಬಂದಂತಾಯಿತು. ಎರಡು ನಿಮಿಷ ಕಷ್ಟಸುಖ ಮಾತಾಡಿದಳು. ಮೂರನೇ ನಿಮಿಷಕ್ಕೆ ಕೇಳಿದಳು.

"ನಿಮ್ಮದು ಯಾವ ಪೈಕಿ?"

ರತ್ನಮ್ಮ ಮುಚ್ಚಿಡಲಿಲ್ಲ, ಹೇಳಿದಳು. ಮಾರನೇ ದಿನ ಸಹನಾ ಮನೆಯಿಂದಲೇ ಬಟ್ಟಲು ಚಮಚ ತಂದಳು. "ನಾನೇ ತಿನ್ನಿಸ್ತೀನಿ, ಅವಳು ಬೇರೆಯವರ ಕೈಲಿ ತಿನ್ನಲ್ಲ," ಅಂದಳು. ಒಂಬತ್ತು ದಿನ ತಿನ್ನಿಸಿ ನೋಡಿದಳು. ತಿಂದದ್ದೆಲ್ಲ ಮೂಗಿನಲ್ಲಿ ಬಂತು. ಕೂಸು ಬಾಡಿತು. ಹತ್ತನೇ ದಿನ ಸಹನಾ ತಾನೇ ಬಟ್ಟಲು ತಂದು ರತ್ನಮ್ಮನ ಕೈಗೆ ಕೊಟ್ಟಳು. ತಪ್ಪಾಯಿತು ಅನ್ನಲಿಲ್ಲ. ರತ್ನಮ್ಮ ಅನ್ನಿಸಿಕೊಳ್ಳಬೇಕು ಅಂತ ಕಾಯಲೂ ಇಲ್ಲ, ಹಸಿದ ಕೂಸು ಮುಂದಿರುವಾಗ.

ಅವಳು ತಿನ್ನಿಸುತ್ತಿದ್ದದ್ದು ಹೀಗೆ. ಗೋಡೆಗೆ ಒರಗಿ ಕಾಲು ನೀಡಿ ಕೂರುವುದು. ಕೂಸನ್ನು ಮಡಿಲಲ್ಲಿ ನೆಟ್ಟಗೆ ಕೂರಿಸಿ ಬೆನ್ನನ್ನು ತನ್ನ ಎದೆಗೆ ಆನಿಸಿಕೊಳ್ಳುವುದು. ಗದ್ದ ಕೊಂಚ ಕೆಳಗೆ. ಗಟ್ಟಿ ರಾಗಿ ಅಂಬಲಿ, ಅರ್ಧ ಚಮಚ. ಗಂಟಲ ಮೇಲೆ ಎರಡು ಬೆರಳು. ಒಳಗೆ ನುಂಗಿದ್ದು ಬೆರಳಿಗೆ ಗೊತ್ತಾಗಬೇಕು, ಆಮೇಲೆ ಇನ್ನರ್ಧ ಚಮಚ. "ನುಂಗವ್ವಾ, ನುಂಗು ನನ ಬಂಗಾರ." ಒಂದು ಬಟ್ಟಲಿಗೆ ಐವತ್ತು ನಿಮಿಷ. ನೀರಾಗಿದ್ದರೆ ಸೀದಾ ಎದೆಗಿಳಿಯುತ್ತದೆ ಅಂತ ಅವಳಿಗೆ ಯಾರೂ ಕಲಿಸಲಿಲ್ಲ. ಮೊದಲ ವಾರವೇ ಕೂಸಿನ ಬೆನ್ನಿಗೆ ಕಿವಿ ಇಟ್ಟು ತಿಳಿದುಕೊಂಡಳು. ಆಮೇಲೆ ವಾರಕ್ಕೆ ಎರಡು ದಿನ ಬರುವ ಮಾತಿನ ಥೆರಪಿಸ್ಟು ಪ್ರತ್ಯೂಷಾ ಬಂದು ನೋಡಿ, "ಕರೆಕ್ಟಾಗಿ ಮಾಡ್ತಿದೀಯ ರತ್ನಮ್ಮಾ," ಅಂತ ಹೇಳಿ, ಧನ್ಯಾಳ ಫೈಲಿನಲ್ಲಿ 'ಗಟ್ಟಿ ಪದಾರ್ಥ ಮಾತ್ರ' ಅಂತ ಬರೆದಳು. ಎರಡು ವರ್ಷದಲ್ಲಿ ಧನ್ಯಾ ನಾಲ್ಕು ಕೆ.ಜಿ. ತೂಕ ಹತ್ತಿದಳು. ರತ್ನಮ್ಮ ಕಂಡರೆ ಬಾಯಿ ತೆರೆಯುತ್ತಿದ್ದಳು. ಅದು ನಗು ಅಂತ ಉಳಿದವರಿಗೆ ಗೊತ್ತಾಗುತ್ತಿರಲಿಲ್ಲ.

ಇನ್ನು ಶುಕ್ರವಾರದ ಸುತ್ತು. ಎಲ್ಲ ಕೆಟ್ಟದ್ದು ಅಲ್ಲಿಂದಲೇ.

ಮೃಣಾಲಿನಿ ಎಲ್ಲೋ ತರಬೇತಿಗೆ ಹೋಗಿ ಕಲಿತು ಬಂದಿದ್ದಳು. ಇನ್ನು ಮೇಲೆ ನಮ್ಮಲ್ಲಿ ಬಾಸ್ ಇಲ್ಲ, ಎಲ್ಲರೂ ಕೂಡಿ ನಾಯಕರು ಅಂದಳು. ಪ್ರತಿ ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲರೂ ದುಂಡಗೆ ಕೂರಬೇಕು. ಒಂದು ಕೊಂಡಪಲ್ಲಿ ಮರದ ಗೊಂಬೆ, ಅಂಬಾರಿ ಹೊತ್ತ ಆನೆ, ಕೈಯಿಂದ ಕೈಗೆ ಹೋಗಬೇಕು. ಆನೆ ಯಾರ ಕೈಯಲ್ಲಿದೆಯೋ ಅವರಷ್ಟೇ ಮಾತಾಡಬೇಕು. ಉಳಿದವರು ಕೇಳಬೇಕು. ಹೀಗಾದರೆ ದೊಡ್ಡವರು ಚಿಕ್ಕವರ ಬಾಯಿ ಮುಚ್ಚಿಸುವುದಿಲ್ಲವಂತೆ.

ಕೇಳಲು ಚೆಂದ. ಆದರೆ ಆನೆ ಹೊರಡುತ್ತಿದ್ದದ್ದು ಮೃಣಾಲಿನಿಯ ಬಲಗೈಯಿಂದ. ರತ್ನಮ್ಮ ಕೂರುತ್ತಿದ್ದದ್ದು ಅವಳ ಎಡಕ್ಕೆ, ಬಾಗಿಲ ಪಕ್ಕ, ಕುರ್ಚಿ ಸಾಲದೆ ಮಕ್ಕಳ ಕೆಂಪು ಕುರ್ಚಿಯ ಮೇಲೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು. ಆನೆ ಸುತ್ತಿ ಸುತ್ತಿ ಅವಳ ಹತ್ತಿರ ಬರುವ ಹೊತ್ತಿಗೆ ಹತ್ತು ಗಂಟೆ. ಹೊರಗೆ ವ್ಯಾನಿನ ಹಾರನ್ನು. "ರತ್ನಮ್ಮ, ಮಕ್ಕಳು ಬಂದ್ರು ಹೋಗಿ," ಅನ್ನುವಳು ಮೃಣಾಲಿನಿ. ಎರಡು ವರ್ಷದಲ್ಲಿ ಆನೆ ಅವಳ ಕೈಗೆ ಬಂದದ್ದು ಮೂರು ಸಲ. ಮೂರು ಸಲವೂ ರತ್ನಮ್ಮ "ಏನಿಲ್ರೀ, ಎಲ್ಲ ಛಲೋ ಐತಿ," ಅಂದಿದ್ದಳು. ಅಷ್ಟು ಜನ ಓದಿದವರು ಮುಖ ನೋಡುತ್ತಾ ಕೂತರೆ ಇನ್ನೇನು ಅಂದಾಳು.

ಜನವರಿಯಲ್ಲಿ ಎಲ್ಲರಿಗೂ ಬ್ಯಾಡ್ಜು ಕೊಟ್ಟರು. ನಡಿಗೆಯ ಲೀಡರು, ಮಾತಿನ ಲೀಡರು, ಆಟದ ಲೀಡರು. ರತ್ನಮ್ಮ ಊಟದ ಲೀಡರು. ಚಪ್ಪಾಳೆ ತಟ್ಟಿದರು. ರತ್ನಮ್ಮ ಹಿಗ್ಗಿಹೋದಳು. ಬ್ಯಾಡ್ಜು ಹಾಕಿಕೊಂಡು ಫೋಟೋ ತೆಗೆಸಿ ಮಗಳಿಗೆ ಕಳಿಸಿದಳು. ಯಾರೂ ಅವಳಿಗೆ ಹೇಳಲಿಲ್ಲ, ಬ್ಯಾಡ್ಜು ಬೆನ್ನಿಗೆ ಕಟ್ಟುವ ಹೊರೆ ಅಂತ.

ಫೆಬ್ರುವರಿಯ ಆ ಶುಕ್ರವಾರ ಮೃಣಾಲಿನಿ ಆನೆ ಹಿಡಿದು ಹೇಳಿದಳು. ಪ್ರಶಸ್ತಿಗೆ ಅರ್ಜಿ ಹಾಕಿದ್ದೇವೆ. ಒಂದು ವಿಡಿಯೋ ಬೇಕು. ಮಡಿಲಲ್ಲಿಟ್ಟು ತಿನ್ನಿಸುವುದು ಹಳೇ ಕಾಲದ ಪದ್ಧತಿ, ಮಗು ಪರಾಧೀನವಾಗುತ್ತದೆ. ಧನ್ಯಾ ತನ್ನ ಕುರ್ಚಿಯಲ್ಲಿ ಕೂತು ಲೋಟದಿಂದ ಹಾಲು ಕುಡಿದರೆ? ನೋಡುವವರ ಎದೆ ತುಂಬುತ್ತದೆ. ನಾನು ಹೇಳುವುದಲ್ಲ, ತಂಡ ಹೇಳಲಿ.

ಆನೆ ಹೊರಟಿತು. ಎಲ್ಲರೂ ಒಳ್ಳೇದು ಅಂದರು. ಪ್ರತ್ಯೂಷಾಳ ಕೈಯಲ್ಲಿ ಸ್ವಲ್ಪ ಹೊತ್ತು ನಿಂತಿತು. "ನೀರಾದದ್ದು ಬೇಡ ಅಂತ ನಾನು ಫೈಲಲ್ಲಿ ಬರೆದಿದ್ದೆ," ಅಂದಳು. ಮೃಣಾಲಿನಿ ನಗುತ್ತಾ ಅವಳನ್ನೇ ನೋಡಿದಳು. ಪ್ರತ್ಯೂಷಾಳದು ಗುತ್ತಿಗೆ ಕೆಲಸ, ಮಾರ್ಚಿಗೆ ಮುಗಿಯುತ್ತದೆ. "ಆದ್ರೆ ಟೀಮ್ ಅಂದ್ರೆ ಓಕೆ," ಅಂತ ಆನೆಯನ್ನು ಪಕ್ಕಕ್ಕೆ ದಾಟಿಸಿದಳು.

ರತ್ನಮ್ಮ ಕೆಂಪು ಕುರ್ಚಿಯ ತುದಿಗೆ ಸರಿದಳು. ಆನೆ ಇನ್ನೂ ನಾಲ್ಕು ಜನರ ಆಚೆ ಇತ್ತು. ಗಡಿಯಾರದಲ್ಲಿ ಹತ್ತಕ್ಕೆ ಐದು ನಿಮಿಷ. ಅವಳು ತಡೆಯಲಾರದೆ ಬಾಯಿ ಬಿಟ್ಟಳು.

"ಮೇಡಂ, ಧನ್ಯಾಗ ಹಾಲು ಬ್ಯಾಡ್ರೀ. ಆ ಕೂಸು ಲೋಟದಾಗ ಕುಡಿಯಂಗಿಲ್ಲ..."

"ರತ್ನಮ್ಮ," ಅಂದಳು ಮೃಣಾಲಿನಿ, ಮಗುವಿಗೆ ಹೇಳುವ ಹಾಗೆ. "ಆನೆ ಎಲ್ಲಿದೆ?"

ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ, ಪ್ರೀತಿಯ ನಗುವೇ. ರತ್ನಮ್ಮನೂ ನಕ್ಕಳು. ಆನೆ ಬರಲಿ, ಹೇಳುತ್ತೇನೆ ಅಂತ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಳು. ಆನೆ ಅವಳ ಪಕ್ಕದವಳ ಕೈಗೆ ಬಂತು. ಅಷ್ಟರಲ್ಲಿ ಹಾರನ್ನು. ಅವಳು ಎದ್ದು ಹೋದಳು.

ಎರಡನೇ ಮಗುವನ್ನು ಎತ್ತಿಕೊಂಡು ಬರುವಾಗ ಸಾಯಿ ಹಳದಿ ಕಾಗದ ತಂದ. ತಂಡದ ನಿರ್ಣಯ. ಎಲ್ಲರ ಸಹಿಯೂ ಆಗಿತ್ತು, ಅವಳದೊಂದು ಬಾಕಿ. ವ್ಯಾನಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು, ಹೆಗಲ ಮೇಲೆ ಮಗು ಇಟ್ಟುಕೊಂಡೇ ಅವಳು ತೆಲುಗಿನಲ್ಲಿ ರತ್ನಮ್ಮ ಅಂತ ಬರೆದಳು. ಯಾಕೆ ಬರೆದೆ ಅಂತ ಕೇಳಬೇಡಿ. ಮಗು ಜಾರುತ್ತಿತ್ತು. ವ್ಯಾನಿನಲ್ಲಿ ಇನ್ನೂ ಹನ್ನೆರಡು ಮಕ್ಕಳಿದ್ದರು. ಸಂಜೆ ಬಂದ ಸಹನಾ ಕೂಡ ಅದೇ ಕಾಗದಕ್ಕೆ ಸಹಿ ಹಾಕಿದಳು. ತೆಲುಗು ಓದಲು ಬಾರದವಳು. ಮಗಳಿಗೆ ಹೊಸ ಕುರ್ಚಿ ಬರುತ್ತದೆ ಅಂತ ಮೃಣಾಲಿನಿ ಹೇಳಿದ್ದಳು. ಇಡೀ ಕಾಗದದಲ್ಲಿ ಇಲ್ಲದ ಸಹಿ ಒಂದೇ, ಮೃಣಾಲಿನಿಯದು. ಅವಳು ಬಾಸ್ ಅಲ್ಲವಲ್ಲ.

ಸೋಮವಾರ ಕುರ್ಚಿ ಬಂತು. ಧನ್ಯಾಳನ್ನು ಬೆಲ್ಟು ಬಿಗಿದು ಕೂರಿಸಿದರು. ತಲೆ ಹಿಂದಕ್ಕೆ ವಾಲಿತು. ಸಾಯಿ ಫೋನು ಹಿಡಿದು ನಿಂತ. ಲೋಟ ಹಿಡಿಯುವ ಕೈ ರತ್ನಮ್ಮನದೇ ಆಗಬೇಕು, ಬೇರೆ ಯಾರು ಹಿಡಿದರೂ ಕೂಸು ಬಾಯಿ ತೆರೆಯದು. ಆದರೆ ವಿಡಿಯೋದಲ್ಲಿ ಬೆರಳಷ್ಟೇ ಕಾಣಬೇಕು, ಕೂಸೇ ಹಿಡಿದಂತೆ.

ಧನ್ಯಾ ಅವಳನ್ನು ಕಂಡು ಬಾಯಿ ತೆರೆದಳು. ಅದು ನಗು. ಆ ನಗುವಿಗೆ ರತ್ನಮ್ಮ ಹಾಲು ಹೊಯ್ದಳು.

ಮೊದಲ ಸಲ ಬೆಳಕು ಸರಿ ಬರಲಿಲ್ಲ. ಎರಡನೇ ಸಲ ಹಿಂದೆ ಯಾರೋ ಹಾದುಹೋದರು. ಮೂರನೇ ಸಲ ಸರಿಯಾಯಿತು. "ಕೆಮ್ಮಲೇ ಇಲ್ಲ ನೋಡಿ, ಎಷ್ಟು ಚೆನ್ನಾಗಿ ಕುಡಿದಳು!" ಅಂತ ಮೃಣಾಲಿನಿ ಚಪ್ಪಾಳೆ ತಟ್ಟಿದಳು. ಎಲ್ಲರೂ ತಟ್ಟಿದರು. ಕೆಮ್ಮಲಿಲ್ಲ, ನಿಜ. ಧನ್ಯಾ ಯಾವತ್ತೂ ಕೆಮ್ಮುವ ಕೂಸಲ್ಲ. ಕೆಮ್ಮಲು ಅವಳಿಗೆ ಶಕ್ತಿಯಿಲ್ಲ. ಕಣ್ಣಲ್ಲಿ ನೀರು ಬರುತ್ತದೆ, ತುಟಿ ಕಪ್ಪಡರುತ್ತದೆ, ಅಷ್ಟೇ. ಕಣ್ಣಲ್ಲಿ ನೀರು ಬಂದಿತ್ತು. ರತ್ನಮ್ಮ ಬೆಲ್ಟು ಕಿತ್ತು ಎತ್ತಿಕೊಂಡು ಬೆನ್ನಿಗೆ ಕಿವಿ ಇಟ್ಟಳು. ಒಳಗೆ ಗುರಗುರ ಅನ್ನುತ್ತಿತ್ತು.

ಸಂಜೆ ಸಹನಾ ಬಂದಾಗ ಹೇಳಬೇಕು ಅಂತ ಬಾಗಿಲಲ್ಲೇ ಕಾದಳು. ಮೃಣಾಲಿನಿ ಮೊದಲೇ ಸಹನಾಳ ಕೈಗೆ ಫೋನು ಕೊಟ್ಟುಬಿಟ್ಟಿದ್ದಳು. ಸಹನಾ ವಿಡಿಯೋ ನೋಡಿ ಅತ್ತಳು. ಕುಣಿದಳು. "ರತ್ನಮ್ಮ, ನನ್ ಮಗಳು ಲೋಟದಲ್ಲಿ ಕುಡಿದ್ಲು ರೀ! ಎಲ್ಲಾರ್ ಮಕ್ಳ ಥರ ಕುಡಿದ್ಲು!" ಅಂತ ರತ್ನಮ್ಮನ ಎರಡೂ ಕೈ ಹಿಡಿದುಕೊಂಡಳು. ಎರಡು ವರ್ಷದಲ್ಲಿ ಆ ತಾಯಿ ಅಷ್ಟು ನಕ್ಕದ್ದನ್ನು ರತ್ನಮ್ಮ ನೋಡಿರಲಿಲ್ಲ. ಆ ನಗುವಿನ ಬಾಯಿಗೆ ಮಣ್ಣು ಹೇಗೆ ಹಾಕುವುದು? ಮೃಣಾಲಿನಿ ಪಕ್ಕದಲ್ಲೇ ನಿಂತಿದ್ದಳು. ರತ್ನಮ್ಮ ಸುಮ್ಮನಾದಳು.

ಬುಧವಾರ ಜ್ವರ. ಗುರುವಾರ ಆಸ್ಪತ್ರೆ. ಎದೆಯಲ್ಲಿ ಕೀವು ಅಂದರು. ಭಾನುವಾರ ಬೆಳಿಗ್ಗೆ ಧನ್ಯಾ ಹೋದಳು. ರತ್ನಮ್ಮನನ್ನು ಒಳಗೆ ಬಿಡಲಿಲ್ಲ, ಮನೆಯವರು ಮಾತ್ರ ಅಂದರು. ಅವಳು ಆಸ್ಪತ್ರೆಯ ಕಾಂಪೌಂಡಿನಲ್ಲಿ ಬೇಲಿಗೆ ಒರಗಿ ಕಾಲು ನೀಡಿ ಕೂತು, ಖಾಲಿ ಮಡಿಲು ನೋಡಿಕೊಂಡು, ಬಾಯಿ ಬಡಿದುಕೊಂಡು ಅತ್ತಳು.

ವಿನಾಯಕನಿಗೆ ವಿಜಯವಾಡದ ಒನ್ ಟೌನ್ ಶಾಖೆಗೆ ಮೊದಲೇ ವರ್ಗವಾಗಿತ್ತು. ವಾರದೊಳಗೆ ಮನೆ ಖಾಲಿ ಮಾಡಿಕೊಂಡು ಹೋದರು. ಹೋಗುವ ಮುಂಚೆ ಮೃಣಾಲಿನಿ ಅವರ ಮನೆಗೆ ಹೋಗಿ ಕೂತು, ಆಯಾ ಅವಸರ ಮಾಡಿದಳು, ಓದು ಬರಹ ಇಲ್ಲದವರು, ಏನು ಮಾಡೋಣ, ಕ್ಷಮಿಸಿಬಿಡಿ ಅಂತ ಹೇಳಿ ಬಂದಳು. ಅಂದಿನಿಂದ ಸಹನಾ ರತ್ನಮ್ಮನ ಫೋನು ಎತ್ತಲಿಲ್ಲ.

ಹನ್ನೆರಡನೇ ದಿನ. ರತ್ನಮ್ಮ ಬಿಸ್ಕತ್ ಬಣ್ಣದ ಸೀರೆ ಉಟ್ಟು ರೈಲು ಹತ್ತಿದಳು. ಗೋದಾವರಿ ಸೇತುವೆ ಬಂದಾಗ ಎಲ್ಲರೂ ಕಿಟಕಿಗೆ ಮುಖ ಕೊಟ್ಟು ಸೆಲ್ಫಿ ತೆಗೆದುಕೊಂಡರು. "ಬನ್ನಿ ರತ್ನಮ್ಮ, ನಡುವೆ ನಿಲ್ಲಿ," ಅಂತ ಅವಳನ್ನೂ ಎಳೆದರು. ಪ್ರತ್ಯೂಷಾ ಒಬ್ಬಳೇ ಮೇಲೆ ಏಳಲಿಲ್ಲ. ದಾರಿಯುದ್ದಕ್ಕೂ ಅವಳು ರತ್ನಮ್ಮನ ಕಣ್ಣಿಗೆ ಕಣ್ಣು ಕೊಡಲಿಲ್ಲ.

ಸಭೆ ದೊಡ್ಡದು. ಏಸಿ ಸಭಾಂಗಣ, ಹೂವಿನ ಕಮಾನು, ಮುಂದಿನ ಸಾಲಿನಲ್ಲಿ ಅಧಿಕಾರಿಗಳು. ಮೃಣಾಲಿನಿ ಮೈಕು ಹಿಡಿದು ಒಳ್ಳೆಯ ತೆಲುಗಿನಲ್ಲಿ ಮಾತಾಡಿದಳು. ನಾವು ಅಧಿಕಾರ ಹಂಚಿಕೊಂಡೆವು, ಆಯಾಳ ಅನುಭವಕ್ಕೂ ಕುರ್ಚಿ ಕೊಟ್ಟೆವು ಅಂದಳು. ಆಮೇಲೆ ದೀಪ ಆರಿಸಿ ಪರದೆ ಹೊತ್ತಿಸಿದರು.

ಧನ್ಯಾ ಬಂದಳು. ಗೋಡೆಯಷ್ಟು ದೊಡ್ಡವಳಾಗಿ ಬಂದಳು. ಬಾಯಿ ತೆರೆದಳು. ಲೋಟ ಬಂತು. ಹಾಲು ಗಂಟಲಿಗಿಳಿಯಿತು. ಸಭೆಯಲ್ಲಿದ್ದ ನಾನೂರು ಜನ ಚಪ್ಪಾಳೆ ಹೊಡೆದರು. ಸತ್ತ ಕೂಸಿನ ವಿಡಿಯೋ ಅದು ಅಂತ ಅವರಿಗೆ ಗೊತ್ತಿಲ್ಲ. ಗೊತ್ತಿದ್ದವರೂ ಚಪ್ಪಾಳೆ ಹೊಡೆದರು.

ದೀಪ ಬಂತು. ರತ್ನಮ್ಮನ ಕೈಗೆ ಮೈಕು ಬಂತು. ನಾಲ್ಕು ಸಾಲು ಅವಳಿಗೆ ಬಾಯಿಪಾಠ ಆಗಿತ್ತು. ನಮ್ಮ ಕೇಂದ್ರದಲ್ಲಿ ಅಂತ ಶುರುವಾಗಬೇಕು. ಶುರುವಾಗಲಿಲ್ಲ.

"ಈ ಪಾಪ ಸತ್ತು ಹನ್ನೆರಡು ದಿನ ಆಯ್ತು," ಅಂದಳು ತೆಲುಗಿನಲ್ಲಿ.

ಮುಂದಿನ ಸಾಲಿನವರು ತಲೆಯೆತ್ತಿದರು.

"ಈಗ ಕುಡಿದಳಲ್ಲ, ಆ ಹಾಲೇ ಎದೆಗೆ ಹೋಯ್ತು. ಕುಡಿಸಬಾರದು ಅಂತ ನನಗೆ ಗೊತ್ತಿತ್ತು. ಹೇಳೋಕೆ ಹೋದೆ, ನಕ್ಕರು. ಮೂರು ಸಲ ಕುಡಿಸಿದರು, ವಿಡಿಯೋ ಚೆನ್ನಾಗಿ ಬರಲಿ ಅಂತ. ನನ್ನ ಮಾತಿಗೆ ಬೆಲೆ ಇದೆ ಅಂತ ಬರೆದುಕೊಟ್ಟಿದ್ದಾರೆ. ಸುಳ್ಳು. ನಾನು ಲೀಡರಲ್ಲ. ಕೂಸು ಬದುಕಿರೋ ತನಕ ನಾನು ಆಯಾ, ಸತ್ತ ಮೇಲೆ ಲೀಡರು..."

ಮೈಕು ಸತ್ತಿತು. ಯಾರೋ ಹಿಂದೆ ವೈರು ಕಿತ್ತಿದ್ದರು. ಮೃಣಾಲಿನಿ ಬಂದು ಅವಳ ಹೆಗಲು ತಬ್ಬಿ, ಸಭೆಗೆ ಕೈಮುಗಿದು, "ಮಗುವನ್ನು ತುಂಬಾ ಹಚ್ಚಿಕೊಂಡಿದ್ದರು, ಪಾಪ, ತಡೆಯೋಕೆ ಆಗ್ತಿಲ್ಲ," ಅಂದಳು. ಕೆಲವರು ಕಣ್ಣೊರೆಸಿಕೊಂಡರು. ನಾಚಿಕೆಗೆಟ್ಟವರು ಶೀಲ್ಡನ್ನೂ ತಂದರು. ಎಲ್ಲರೂ ಒಂದೊಂದು ಕೈ ಹಾಕಿ ಹಿಡಿಯಬೇಕಂತೆ, ಫೋಟೋಗೆ.

"ಕೈ ಹಾಕಿ ರತ್ನಮ್ಮ," ಅಂದಳು ಮೃಣಾಲಿನಿ ಕನ್ನಡದಲ್ಲಿ, ಹಲ್ಲು ಕಚ್ಚಿ, ನಗುತ್ತಲೇ. "ನಿಮ್ಮ ಮಗಳ ಮುಖ ನೋಡಿಯಾದ್ರೂ ಹಾಕಿ."

"ಹಾಕಂಗಿಲ್ಲ."

"ರತ್ನಮ್ಮ."

"ನನ ಕೈ ನೀವು ಕೂಸಿನ ಬಾಯಿಗೆ ಹಚ್ಚಿಸಿದ್ರಿ. ಇದಕ್ಕ ಹಚ್ಚಂಗಿಲ್ಲ. ಆ ವರದಿಗೂ ಹಚ್ಚಂಗಿಲ್ಲ. ಏನ್ ಕಿತ್ಕೋತೀರಿ ಕಿತ್ಕೊಳ್ರಿ."

ಅವಳು ಮೆಟ್ಟಿಲು ಇಳಿದು, ಮುಂದಿನ ಸಾಲಿನ ಮುಂದೆಯೇ ಹಾದು, ಹೊರಗೆ ಬಂದಳು. ಯಾರೂ ತಡೆಯಲಿಲ್ಲ. ಪ್ರತ್ಯೂಷಾ ಹಿಂದೆಯೇ ಓಡಿ ಬಂದು ಒಂದು ಚೀಟಿ ಕೈಗಿಟ್ಟಳು. "ಸಹನಾ ಮೇಡಂ ಮನೆ. ಇಲ್ಲೇ ಪಟಮಟದಲ್ಲಿ. ಫೈಲಿನಲ್ಲಿ ನಾನು ಬರೆದಿದ್ದ ಹಾಳೆ ತೆಗೆದುಬಿಟ್ಟಿದ್ದಾರೆ ರತ್ನಮ್ಮಾ. ನನ್ನ ಫೋನಲ್ಲಿ ಫೋಟೋ ಇದೆ. ಬೇಕಾದಾಗ ಕೇಳು," ಅಂತ ಹೇಳಿ, ಅಳುತ್ತಾ ಒಳಗೆ ಓಡಿದಳು. ಒಳಗೆ ಓಡಿದಳು, ಗಮನಿಸಿ. ಮಾರ್ಚಿ ಇನ್ನೂ ಮುಗಿದಿರಲಿಲ್ಲ.

ಪಟಮಟದ ಸಿಟಿ ಬಸ್ಸು ಹಿಡಿದು, ಇಬ್ಬರನ್ನು ಕೇಳಿ, ಮೂರನೇ ಮಹಡಿ ಹತ್ತಿ ಬೆಲ್ಲು ಒತ್ತಿದಳು. ಸಹನಾ ಬಾಗಿಲು ತೆರೆದಳು. ತಲೆ ಬಾಚಿರಲಿಲ್ಲ. ಹಿಂದೆ ಬಿಚ್ಚದ ರಟ್ಟಿನ ಪೆಟ್ಟಿಗೆಗಳು.

"ಯಾಕ್ ಬಂದೆ? ಯಾವ ಮುಖ ಇಟ್ಕೊಂಡ್ ಬಂದೆ ನೀನು?"

"ಒಂದ್ ಮಾತ್ ಹೇಳಿ ಹೊಕ್ಕೀನಿ ಯಮ್ಮಾ. ಒಳಗ ಬರಂಗಿಲ್ಲ."

ಹೊಸ್ತಿಲಾಚೆ ನಿಂತೇ ಹೇಳಿದಳು. ಆನೆ, ನಗು, ಹಾರನ್ನು, ಹಳದಿ ಕಾಗದ, ಮೂರು ಸಲ ಕುಡಿಸಿದ್ದು, ಬೆನ್ನಿಗೆ ಕಿವಿ ಇಟ್ಟದ್ದು. ಒಂದನ್ನೂ ಬಿಡಲಿಲ್ಲ. ಸಹನಾ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದಳು. ಕೊನೆಗೆ ಅವಳು ಕೇಳಿದ್ದು ಒಂದೇ.

"ನಿಂಗೆ ಗೊತ್ತಿತ್ತು. ಆದ್ರೂ ಕುಡಿಸ್ದೆ. ಯಾಕೆ?"

ಬಸ್ಸಿನುದ್ದಕ್ಕೂ ರತ್ನಮ್ಮ ಇದಕ್ಕೇ ಹೆದರಿದ್ದಳು. ಬಡತನ ಅನ್ನಬಹುದಿತ್ತು. ಬಲವಂತ ಮಾಡಿದರು ಅನ್ನಬಹುದಿತ್ತು. ಯಾರೂ ಅವಳ ಕೈ ಹಿಡಿದು ಕುಡಿಸಿರಲಿಲ್ಲ.

"ಕೆಲಸ ಹೊಕ್ಕೈತಿ ಅಂತ ಹೆದರಿದ್ನಿ," ಅಂದಳು. "ಸಂಜಿಗೆ ನೀವು ಕುಣಿದ್ರಿ. ಅದನ್ ನೋಡಿ ಬಾಯಿ ಬರಲಿಲ್ಲ. ಆವಾಗ ಹೇಳಿದ್ರೂ ಕೂಸು ಉಳೀತಿತ್ತೇನೋ. ಎಲ್ಡು ದಿನ ಮೊದಲ ದವಾಖಾನಿಗೆ ಹೋಗಿದ್ರ..."

ಸಹನಾ ಅವಳ ಕೆನ್ನೆಗೆ ಹೊಡೆದಳು. ಬಾಗಿಲು ಹಾಕಿಕೊಂಡಳು.

ರತ್ನಮ್ಮ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತಳು. ಒಳಗಿಂದ ಅಳು ಕೇಳಿಸಿತು. ನಿಂತಿತು, ಮತ್ತೆ ಶುರುವಾಯಿತು. ಪಕ್ಕದ ಮನೆಯವರು ಇಣುಕಿ ಹೋದರು. ಹೋಗೋಣ ಅಂದರೆ ಎಲ್ಲಿಗೆ? ವಿಶಾಖಪಟ್ಟಣದಲ್ಲಿ ಕೋಣೆಗೆ ಈಗಾಗಲೇ ಬೇರೆ ಬೀಗ ಬಿದ್ದಿರುತ್ತದೆ. ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಬಾಗಿಲು ತೆರೆಯಿತು.

"ಆ ವಿಡಿಯೋ ಊರಲ್ಲಿರೋ ಎಲ್ಲಾರ್ಗೂ ಕಳಿಸ್ದೆ ನಾನು," ಅಂದಳು ಸಹನಾ. ದನಿ ಬಿದ್ದುಹೋಗಿತ್ತು. "ನಮ್ಮತ್ತೆಗೆ, ನಮ್ಮಮ್ಮನಿಗೆ. ನನ್ ಮಗಳು ಕುಡೀತಾಳೆ ಅಂತ. ಅವಳ ಎದೆಗೆ ವಿಷ ಹೋಗೋದನ್ನ ಎಲ್ಲಾರ್ಗೂ ತೋರಿಸ್ದೆ. ಆ ಹಳದಿ ಕಾಗದಕ್ಕೆ ನನ್ ಸೈನೂ ಇದೆ. ಏನ್ ಬರ್ದಿತ್ತು ಅದ್ರಲ್ಲಿ?"

"ಎಲ್ಲಾರೂ ಕೂಡಿ ತಗೊಂಡ ನಿರ್ಣಯ, ಎಲ್ಲಾರೂ ಹೊಣೆ ಅಂತ ಬರದಿತ್ತು."

ಸಹನಾ ಬಾಗಿಲಿನಿಂದ ಸರಿದು ನಿಂತಳು. ರತ್ನಮ್ಮ ಒಳಗೆ ಬಂದಳು. ಪೆಟ್ಟಿಗೆಯೊಂದನ್ನು ಹರಿದು ಸಹನಾ ನೋಟ್‌ಬುಕ್ಕು ತೆಗೆದಳು, ಪೆನ್ನು ತೆಗೆದಳು. ನೆಲದ ಮೇಲೆ ಕೂತಳು. ರತ್ನಮ್ಮ ಎದುರಿಗೆ ಕೂತಳು.

"ಪೊಲೀಸ್ನೋರಿಗೆ ಕೊಡೋಣ. ಕಲೆಕ್ಟರ್ ಆಫೀಸಿಗೂ ಕೊಡೋಣ. ತೆಲುಗಿಗೆ ಆಮೇಲೆ ಯಾರ್ ಕೈಲಾದ್ರೂ ಬರೆಸ್ತೀನಿ. ಇವ್ರು ಬರೋದ್ರೊಳಗೆ ಬರ್ದು ಮುಗಿಸ್ಬೇಕು, ಬಂದ್ರೆ ಬೇಡ ಅಂತಾರೆ. ಎಲ್ಲಿಂದ ಶುರು ಮಾಡ್ಲಿ? ಮೃಣಾಲಿನಿಯಿಂದ ತಾನೆ?"

"ಅಲ್ಲ. ನನ್ನಿಂದ."

"ಏನು?"

"ಕುಡಿಸಿದಾಕಿ ನಾನು. ಮೊದಲು ಅದನ್ ಬರೀರಿ. ಗೊತ್ತಿದ್ದೂ ಕುಡಿಸಿದ್ಲು ಅಂತ ಬರೀರಿ."

"ಹಂಗ್ ಬರೆದ್ರೆ ಮೊದ್ಲು ನಿನ್ನೇ ಒಳಗ್ ಹಾಕ್ತಾರೆ ರತ್ನಮ್ಮ. ನಿಂಗೊಬ್ಳು ಮಗಳಿದಾಳೆ."

"ಹಾಕ್ಲಿ. ನಂದು ಮುಚ್ಚಿಟ್ಟು ಅವರದಷ್ಟ ಬರದ್ರ, ಉಳದದ್ದೂ ಸುಳ್ಳು ಅಂತಾರ. ನಂದು ನಾ ಹೊರ್ತೀನಿ. ಅವರದು ಹೊರಂಗಿಲ್ಲ. ಬರೀರಿ ಯಮ್ಮಾ."

ಸಹನಾ ಬಗ್ಗಿ ಬರೆದಳು. ನನ್ನ ಮಗಳು ಧನ್ಯಾಗೆ ಹಾಲು ಕುಡಿಸಿದವರು ಆಯಾ ರತ್ನಮ್ಮ. ಕುಡಿಸಬಾರದು ಅಂತ ಅವರಿಗೆ ಗೊತ್ತಿತ್ತು. ಬರೆದು, ಓದಿ ಹೇಳಿದಳು.

ರತ್ನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಹಾಳೆಯ ಮೇಲೆ ಬೆರಳಿಟ್ಟು, ಬರೆದದ್ದರ ಕೆಳಗಿನ ಖಾಲಿ ಸಾಲು ತೋರಿಸಿದಳು.

"ಮುಂದ ಬರೀರಿ," ಅಂದಳು.